ಜೈವಿಕ ಇಂಧನ ಅಂದರೆ ಏನು? ಹೊಗೆ ಅದೂ ಬಿಡುತ್ತದಲ್ಲ!

ಗಿಡ, ಮರ, ಬೆಳೆಯ ಕಸ, ಸಗಣಿ ಇಂಥವುಗಳಿಂದ ಮಾಡುವ ಇಂಧನವೇ ಜೈವಿಕ ಇಂಧನ. ಹೊಂಗೆ ಎಣ್ಣೆಯ ಬಯೋಡೀಸೆಲ್, ಕಬ್ಬು-ಜೋಳದ ಎಥನಾಲ್, ಕೊಟ್ಟಿಗೆ ಹಿಂದಿನ ಗೋಬರ್ ಗ್ಯಾಸ್ ಎಲ್ಲ ಇದೇ ಗುಂಪು. ಪರೀಕ್ಷೆಯಲ್ಲಿ ಬರೆಯೋಕೆ ಇಷ್ಟು ಸಾಕು. ಆದರೆ ನಮ್ಮ ಹಾಸನದ ಕಡೆ ಈ ಮಾತು ತೆಗೆದರೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಅಲ್ಲಾ ಸ್ವಾಮಿ, ಡೀಸೆಲ್ ಉರಿಸಿದರೂ ಹೊಗೆ, ಹೊಂಗೆ ಎಣ್ಣೆ ಉರಿಸಿದರೂ ಹೊಗೆ. ಇದರಲ್ಲಿ ಪರಿಸರ ಉಳಿಸೋದು ಎಲ್ಲಿಂದ ಬಂತು?"

ಕೇಳಬೇಕಾದ ಪ್ರಶ್ನೆಯೇ. ಎರಡರಲ್ಲೂ ಉರಿಯುವುದು ಮುಖ್ಯವಾಗಿ ಇಂಗಾಲ. ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 830 ಗ್ರಾಂ, ಆದರೆ ಅದು ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.6 ಕೆಜಿ. ಲೆಕ್ಕ ತಪ್ಪಿಲ್ಲ, ಉರಿಯುವಾಗ ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುತ್ತದೆ, ಹಾಗಾಗಿ ತೂಕ ಜಾಸ್ತಿ. ಬಯೋಡೀಸೆಲ್ ಉರಿಸಿದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಸೈಲೆನ್ಸರ್ ಹತ್ತಿರ ನಿಂತು ನೋಡಿದರೆ ಈ ವಿಷಯದಲ್ಲಿ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಆ ಇಂಗಾಲ ಯಾವ ಕಾಲದ್ದು ಅನ್ನುವುದರಲ್ಲಿ. ಹೊಂಗೆ ಬೀಜದಲ್ಲಿರುವ ಇಂಗಾಲವನ್ನು ಆ ಮರ ಮೊನ್ನೆ ಮೊನ್ನೆಯಷ್ಟೇ ಗಾಳಿಯಿಂದ ಎಳೆದುಕೊಂಡಿದೆ. ಉರಿಸಿದರೆ ವಾಪಸ್ ಗಾಳಿಗೆ ಹೋಗುತ್ತದೆ, ಮುಂದಿನ ಫಸಲಿಗೆ ಮರ ಮತ್ತೆ ಎಳೆದುಕೊಳ್ಳುತ್ತದೆ. ಡೀಸೆಲ್ಲಿನ ಇಂಗಾಲ ಹಾಗಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಸಣ್ಣ ಸಣ್ಣ ಜೀವಿಗಳು ಸತ್ತು, ಕೆಸರಿನಡಿ ಹೂತು, ಶಾಖಕ್ಕೂ ಒತ್ತಡಕ್ಕೂ ಬೆಂದು ಕಚ್ಚಾ ತೈಲ ಆಗಿದ್ದು ಅದು. ನಮ್ಮ ದೇಶದ ಕಲ್ಲಿದ್ದಲು ಬಹುಪಾಲು 25-30 ಕೋಟಿ ವರ್ಷ ಹಳೆಯ ಕಾಡು. ಕೆರೆ ನೀರು ಗದ್ದೆಗೆ ಹರಿದು, ಬಸಿದು, ಮತ್ತೆ ಅದೇ ಕೆರೆಗೆ ಬಂದರೆ ಕೆರೆ ಮಟ್ಟ ಏರುವುದಿಲ್ಲ, ಆದರೆ ನೂರಾರು ಅಡಿ ಆಳದ ಬೋರ್‌ವೆಲ್ ನೀರನ್ನು ಹಗಲೂ ರಾತ್ರಿ ತಂದು ಸುರಿದರೆ ಒಂದು ದಿನ ಕೋಡಿ ಬೀಳಲೇಬೇಕು.

ಬೀಳುತ್ತಲೂ ಇದೆ. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಕಾರ್ಬನ್ ಡೈಆಕ್ಸೈಡ್ ಇತ್ತು. 1958ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ಇದು ಬಿಸಿಲಿನ ಶಾಖ ಹೊರಗೆ ಹೋಗದಂತೆ ಹಿಡಿದಿಡುವ ಅನಿಲ, ಹಾಗಾಗಿ ಭೂಮಿ ಬಿಸಿಯಾಗುತ್ತಿದೆ, ಮಳೆಯ ಲೆಕ್ಕಾಚಾರವೂ ಹದ ತಪ್ಪುತ್ತಿದೆ.

ಮಳೆ ಹದ ತಪ್ಪುವುದು ಅಂದರೆ ಏನು ಅಂತ ಸಕಲೇಶಪುರ, ಚಿಕ್ಕಮಗಳೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಅರ್ಧಂಬರ್ಧ ಮಳೆ ಬಿದ್ದು ನಿಂತರೆ ಮೊಗ್ಗು ಕೆಟ್ಟಿತು ಅಂತಲೇ. ಯಾವುದೋ ಒಂದು ವರ್ಷದ ಮಳೆ ಕೈಕೊಟ್ಟಿದ್ದಕ್ಕೆ ಡೀಸೆಲ್ಲೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ, ಅಷ್ಟು ಸುಲಭದ ವಿಷಯ ಇದಲ್ಲ. ಆದರೆ ಮಳೆ ನಂಬಲಾರದೆ ರೊಬಸ್ಟಾ ಕಾಫಿ ತೋಟದವರು ಏನು ಮಾಡುತ್ತಾರೆ ನೋಡಿ. ಕೆರೆ ದಂಡೆ ಮೇಲೆ ಡೀಸೆಲ್ ಎಂಜಿನ್ ಇಟ್ಟು, ಪೈಪ್ ಎಳೆದು, ರಾತ್ರಿಯಿಡೀ ಸ್ಪ್ರಿಂಕ್ಲರ್ ತಿರುಗಿಸುತ್ತಾರೆ. ಬೆಳಿಗ್ಗೆ ಹೋದರೆ ಸೈಲೆನ್ಸರ್ ಮೇಲಿನ ಸಿಲ್ವರ್ ಓಕ್ ಮರದ ಎಲೆಯೆಲ್ಲ ಮಸಿ ಹಿಡಿದಿರುತ್ತದೆ. ತಪ್ಪು ಅವರದ್ದಲ್ಲ, ಬೇರೆ ದಾರಿ ಬೇಕಲ್ಲ.

ಆ ಡೀಸೆಲ್ ಬರುವ ದಾರಿಯೂ ನಮ್ಮೂರ ಮೇಲೇ ಇದೆ. ಮಂಗಳೂರಿನ ರಿಫೈನರಿಯಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್ ಪೈಪ್‌ಲೈನ್ ನೆಲದಡಿ ಹೋಗಿದೆ. ಕಲ್ಲಿದ್ದಲಿನ ಕರೆಂಟ್ ಕೂಡ ಹಾಗೆಯೇ. ಉಡುಪಿ ಜಿಲ್ಲೆಯ 1,200 ಮೆಗಾವಾಟ್ ಸ್ಥಾವರದಿಂದ 400 ಕೆ.ವಿ. ಲೈನ್ ಘಟ್ಟ ಹತ್ತಿ ಹಾಸನದ ಪಕ್ಕದ ಶಾಂತಿಗ್ರಾಮಕ್ಕೆ ಬರುತ್ತದೆ.

ಬೇರೆ ದಾರಿ ಹುಡುಕುವ ಕೆಲಸವೂ ಇದೇ ಹಾಸನದ ಹತ್ತಿರ, ಮಡೆನೂರಿನಲ್ಲಿ ನಡೆದಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇರುವುದು ಅಲ್ಲಿ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಇಂಥ ಮರಗಳನ್ನು ಬದುವಿನಲ್ಲಿ ಬೆಳೆಸಿ, ಬೀಜ ಮಾರಿ ಅಂತ ರೈತರಿಗೆ ಹೇಳುತ್ತಾ ಬಂದಿದ್ದಾರೆ. ಹೊಂಗೆಯಂತೂ ನಮಗೆ ಹೊಸದಲ್ಲ. ದೀಪಕ್ಕೆ ಎಣ್ಣೆ, ಗದ್ದೆಗೆ ಸೊಪ್ಪು, ಮಲಗೋಕೆ ನೆರಳು. ದೋಟಿಯಲ್ಲಿ ಕಾಯಿ ಉದುರಿಸಿ, ಒಣಗಿಸಿ, ಬಡಿದು ಬೀಜ ಬಿಡಿಸಿ ಗಾಣಕ್ಕೆ ಹಾಕಿದರೆ ಸುಮಾರು ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಉಳಿದ ಹಿಂಡಿ ಕಾಫಿಗೋ ಅಡಿಕೆಗೋ ಗೊಬ್ಬರ.

ಎಣ್ಣೆ ಬಯೋಡೀಸೆಲ್ ಆಗುವುದು ನೋಡಲು ಚೆನ್ನಾಗಿರುತ್ತದೆ. ಎಣ್ಣೆಯನ್ನು 60 ಡಿಗ್ರಿಯಷ್ಟು ಕಾಯಿಸಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಹಾಕಿ ಚೆನ್ನಾಗಿ ಕಲಕಿ ಬಿಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಎರಡು ಪದರ ಆಗಿರುತ್ತದೆ. ಕೆಳಗೆ ಕಪ್ಪು ಬೆಲ್ಲದ ಪಾಕದಂಥ ಗ್ಲಿಸರಿನ್, ಮೇಲೆ ತಿಳಿಯಾದ ಹೊಂಬಣ್ಣದ ಬಯೋಡೀಸೆಲ್. ಮೇಲಿನದನ್ನು ನೀರಿನಲ್ಲಿ ತೊಳೆದು, ತೇವ ಆರಿಸಿದರೆ ಎಂಜಿನ್‌ಗೆ ಸಿದ್ಧ. ಬೀಜ ಹಳೆಯದಾಗಿ ಎಣ್ಣೆ ಹುಳಿ ತಿರುಗಿದ್ದರೆ ಅರ್ಧ ಸೋಪೇ ಆಗಿಬಿಡುತ್ತದೆ. (ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ಅಡುಗೆಮನೆಯಲ್ಲಿ ಪ್ರಯೋಗ ಬೇಡ.) ಇದೇನು ಹೊಚ್ಚ ಹೊಸ ಯೋಚನೆಯೂ ಅಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು.

ಹಾಗಾದರೆ ಎಲ್ಲ ಸರಿಹೋಯಿತಾ? ಇಲ್ಲ. ಮೆಥನಾಲ್ ಸಾಮಾನ್ಯವಾಗಿ ಬರುವುದು ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ, ಅಂದರೆ ಅಷ್ಟರಮಟ್ಟಿಗೆ ಹಳೇ ಇಂಗಾಲ ಇದರಲ್ಲೂ ನುಸುಳಿದೆ. ಬಯೋಡೀಸೆಲ್ಲಿನಲ್ಲಿ ಮಸಿ, ಗಂಧಕ ಕಮ್ಮಿ ನಿಜ, ಆದರೆ ನೈಟ್ರೋಜನ್ ಆಕ್ಸೈಡ್ ಒಂಚೂರು ಜಾಸ್ತಿಯೇ ಬರಬಹುದು. ಪೆಟ್ರೋಲಿಗೆ ಈಗ ಶೇ. 20ರಷ್ಟು ಬೆರೆಸುತ್ತಿರುವ ಎಥನಾಲ್‌ನ ಕಥೆ ಬೇರೆ, ಕಬ್ಬು ಎಷ್ಟು ನೀರು ಕುಡಿಯುತ್ತದೆ ಅಂತ ನಾಲೆ ಬಯಲಿನವರನ್ನು ಕೇಳಿ. ಕಾಡು ಕಡಿದು ಎಣ್ಣೆ ತಾಳೆ ನೆಟ್ಟು ಅದನ್ನು ಹಸಿರು ಇಂಧನ ಅನ್ನುವುದಂತೂ ಸುಮ್ನೆ ಮೋಸ. ಆ ಕಾಡಿನಲ್ಲಿದ್ದ ಇಂಗಾಲ ಎಲ್ಲಿ ಹೋಯಿತು?

ಇನ್ನು ಪ್ರಮಾಣದ ವಿಷಯ. ದೇಶದಲ್ಲಿ ವರ್ಷಕ್ಕೆ ಸುಮಾರು 9 ಕೋಟಿ ಟನ್ ಡೀಸೆಲ್ ಖರ್ಚಾಗುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಡೀಸೆಲ್ಲಿನಲ್ಲಿ ಶೇ. 5 ಬಯೋಡೀಸೆಲ್ ಬೆರೆಸುವ ಗುರಿ ಇಟ್ಟುಕೊಂಡಿದೆ. ಅಷ್ಟನ್ನೂ ಬರೀ ಹೊಂಗೆಯಿಂದ ತೆಗೆಯುತ್ತೇವೆ ಅಂದುಕೊಳ್ಳಿ, ಮರಕ್ಕೆ 20 ಕೆಜಿ ಬೀಜ ಅಂತ ಹಿಡಿದರೂ ಸುಮಾರು 100 ಕೋಟಿ ಮರ ಬೇಕು. ಅದಕ್ಕೇ ನನ್ನ ಲೆಕ್ಕದಲ್ಲಿ ಹೊಂಗೆ ಬದುವಿನ ಮರ, ಊರ ಟ್ರಾಕ್ಟರಿನ ಇಂಧನ. ದೇಶದ ಲಾರಿಗಳನ್ನೆಲ್ಲ ಅದರ ಮೇಲೆ ಓಡಿಸುತ್ತೇವೆ ಅನ್ನುವುದು ಆಗದ ಮಾತು. ಬೋರ್‌ವೆಲ್ ಪಂಪಿಗೆ ಸೋಲಾರ್ ಒಳ್ಳೆಯದು, ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಅದಕ್ಕೆ ಸಬ್ಸಿಡಿಯೂ ಕೊಟ್ಟಿದ್ದಾರೆ. ಅಲ್ಲಿ ಉರಿಸುವ ಪ್ರಶ್ನೆಯೇ ಇಲ್ಲ. ಆದರೆ ರಾತ್ರಿ ಸ್ಪ್ರಿಂಕ್ಲರ್ ತಿರುಗಿಸುವ ದೊಡ್ಡ ಎಂಜಿನ್‌ಗೆ, ಉಳುಮೆಯ ಟ್ರಾಕ್ಟರಿಗೆ ಬಿಸಿಲು ಅಷ್ಟು ಸುಲಭಕ್ಕೆ ಒದಗುವುದಿಲ್ಲ. ಬಯೋಡೀಸೆಲ್ ಬೆರೆಸುವುದಕ್ಕೆ ಅರ್ಥ ಇರುವುದು ಅಲ್ಲೇ.

ಹಾಗಂತ ಗಾಣದಿಂದ ತಂದ ಹೊಂಗೆ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಅದು ಡೀಸೆಲ್ಲಿಗಿಂತ ತುಂಬಾ ಮಂದ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಸರಿಯಾಗಿ ತಯಾರಿಸಿದ ಬಯೋಡೀಸೆಲ್ ಆದರೂ ಎಷ್ಟು ಪಾಲು ಬೆರೆಸಬಹುದು ಅಂತ ಎಂಜಿನ್ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಂಡೇ ಹಾಕಿ.