ಜಿಮ್ ಮಾಡಿದ್ರೂ ಭುಜ ಯಾಕೆ ಜಾರತ್ತೆ?

ನಮ್ಮಕ್ಕನ ಮಗ ದಿನಾ ಡೊಂಬಿವ್ಲಿಯಿಂದ ದಾದರ್‌ಗೆ ಮುಂಬೈ ಲೋಕಲ್ ಟ್ರೇನ್‌ನಲ್ಲಿ ಹೋಗೋನು, ಮೊನ್ನೆ ಮೇಲಿನ ಹ್ಯಾಂಡಲ್ ಹಿಡ್ಕೊಂಡು ನಿಂತಿದ್ದಾಗ ಟ್ರೇನ್ ಜೋಲಿ ಹೊಡೀತು, ಹಿಂದಿನಿಂದ ಗರ್ದಿ ತಳ್ತು, ಕೈ ಹಿಂದಕ್ಕೆ ತಿರುಚಿ ಬಲಭುಜ ಕಳಚ್ಕೊಂಡ್ತು. ಇದು ಮೂರನೇ ಸಲ. ಮೊದಲ್ನೇದು ಕಬಡ್ಡಿಯಲ್ಲಿ. "ಮಾಮಾ, ಇಷ್ಟು ಜಿಮ್ ಮಾಡ್ತೀನಿ, ಆದ್ರೂ ಯಾಕೆ?" ಅಂದ.

ಮಸಲ್ ಒಂದೇ ಅಲ್ಲಪ್ಪ, ಮೂಳೆಯ ಆಕಾರಾನೂ ನೋಡ್ಬೇಕು. ಸ್ಕೂಲಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟು ಓಡ್ತಿದ್ವಲ್ಲ, ಭುಜದ ಕೀಲು ಹಾಗೇ ಇದೆ: ತೋಳಿನ ಮೂಳೆಯ ತಲೆ ದೊಡ್ಡ ಗುಂಡು, ಹೆಗಲ ಮೂಳೆಯಲ್ಲಿರೋ ಗುಳಿ ಚಿಕ್ಕದು, ಆಳಾನೂ ಇಲ್ಲ, ಒಂದು ಹೊತ್ತಿಗೆ ಗುಂಡಿನ ಮೂರರಲ್ಲೊಂದು ಭಾಗಾನೂ ಅದರಲ್ಲಿ ಕೂರೋದು ಕಷ್ಟ. ಸೊಂಟದ ಕೀಲಿನ ಗುಳಿ ಆಳ, ಅದಕ್ಕೇ ಅದು ಸುಲಭಕ್ಕೆ ಕಳಚಲ್ಲ, ಆದ್ರೆ ಕೈ ತಿರುಗಿದ ಹಾಗೆ ಕಾಲು ತಿರುಗೋದೂ ಇಲ್ಲ.

ಈ ಗುಳಿ ಎಲ್ಲರಿಗೂ ಒಂದೇ ಥರ ಇರಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಹುಡುಗರನ್ನ ನಾಲ್ಕು ವರ್ಷ ಗಮನಿಸಿದಾಗ, ಗುಳಿ ಉದ್ದ ಜಾಸ್ತಿ ಅಗಲ ಕಮ್ಮಿ ಇದ್ದೋರಿಗೆ ಭುಜ ಮುಂದಕ್ಕೆ ಜಾರೋದು ಹೆಚ್ಚು ಅಂತ ಕಂಡಿತ್ತು. ಗುಳಿ ತೀರಾ ಹಿಂದಕ್ಕೆ ವಾಲಿದ್ರೆ ಹಿಂದಕ್ಕೆ ಜಾರೋ ಭಯ.

ಇನ್ನು ಜಾರಿದ ಮೇಲೆ ಆಕಾರವೇ ಬದಲಾಗತ್ತೆ, ನನಗೆ ಚಿಂತೆ ಇದರದ್ದೇ. ಗುಳಿ ಸುತ್ತ ರಬ್ಬರ್ ಬಳೆಯಂಥ ಅಂಚೊಂದಿದೆ, ಗುಂಡು ಹೊರಬೀಳೋವಾಗ ಅದು ಮುಂದುಗಡೆ ಕಿತ್ತುಬರತ್ತೆ, ಇದನ್ನ 1923ರಲ್ಲಿ ಬ್ರಿಟನ್ನಿನ ಸರ್ಜನ್ ಬ್ಯಾಂಕಾರ್ಟ್ ವಿವರಿಸಿದ್ರು. ಗುಂಡಿನ ಹಿಂಭಾಗ ಗುಳಿಯ ಗಟ್ಟಿ ಅಂಚಿಗೆ ಒತ್ತಿ ನೆಗ್ಗತ್ತೆ, 1940ರಲ್ಲಿ ಹಿಲ್ ಮತ್ತೆ ಸ್ಯಾಕ್ಸ್ ಅನ್ನೋ ಎಕ್ಸ್‌ರೇ ಡಾಕ್ಟರುಗಳು ಬರೆದಿದ್ದು ಅದೇ ನೆಗ್ಗು. ಪ್ರತಿ ಸಲ ಜಾರಿದಾಗ್ಲೂ ಮುಂದಿನ ಮೂಳೆ ಸವೀತಾ ಹೋಗತ್ತೆ, ನಾಸ್ಪತಿ ಹಣ್ಣಿನ ಹಾಗೆ ಕೆಳಗೆ ಅಗಲ ಇದ್ದ ಗುಳಿ ಕೊನೆಗೆ ತಲೆಕೆಳಗಾದ ನಾಸ್ಪತಿ ಆಗಿಬಿಡತ್ತೆ, ಆಮೇಲೆ ಸಣ್ಣ ಎಳೆತಕ್ಕೂ ಕೀಲು ತಪ್ಪತ್ತೆ.

ಗುಳಿಯ ಅಗಲದಲ್ಲಿ ಸುಮಾರು 20 ಪರ್ಸೆಂಟ್ ಮೇಲೆ ಸವೆದಿದ್ರೆ ಬರೀ ಅಂಚು ಹೊಲಿದ್ರೆ ಸಾಕಾಗಲ್ಲ, ಭುಜದ ಮುಂದೆ ಕಾಗೆ ಕೊಕ್ಕಿನ ಥರ ಇರೋ ಮೂಳೆಯ ತುಂಡನ್ನೇ ತಂದು ಸವೆದ ಜಾಗಕ್ಕೆ ಸ್ಕ್ರೂ ಹಾಕಿ ಕೂರಿಸ್ತಾರೆ, 1954ರಲ್ಲಿ ಫ್ರಾನ್ಸಿನ ಸರ್ಜನ್ ಲಾಟಾರ್ಜೆ ಹೇಳಿದ ಆಪರೇಷನ್ ಇದು.

ಇಷ್ಟು ವರ್ಷ ಅವನಿಗೆ ಆಗಿದ್ದು ಎಕ್ಸ್‌ರೇ ಒಂದೇ. ಸವೆತ ಸರಿಯಾಗಿ ಅಳೆಯೋಕೆ ಸಿಟಿ ಸ್ಕ್ಯಾನ್ ಬೇಕು, ಸೋಮವಾರ ನಾನೇ ಕರ್ಕೊಂಡು ಹೋಗ್ತಿದ್ದೀನಿ. ಅಲ್ಲಿವರೆಗೂ ಬಲಗೈ ತಲೆ ಮೇಲೆತ್ತಬೇಡ, ಲೋಕಲ್ ಹತ್ತಲೇಬೇಡ ಅಂದಿದ್ದೀನಿ.