ಹಾಡಿದವರು ಯಾರು? ಮಲೆನಾಡಿನಲ್ಲಿ ಕೈಯಿಂದ ಕೈಗೆ ದಾಟಿದ ಧ್ವನಿಮುದ್ರಣಗಳ ಹಿನ್ನೆಲೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಸಂಗೀತಪ್ರಿಯರ ನಡುವೆ ಈಗ ಹಳೆಯ ಧ್ವನಿಮುದ್ರಣಗಳಿಗೆ ಬರವಿಲ್ಲ. ಒಂದು ಕಾಲದಲ್ಲಿ ಒಂದು ಕಛೇರಿಯ ಪ್ರತಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದವರ ಮೊಬೈಲಿಗೆ ಇಂದು ಬೆಳಗಾಗುವಷ್ಟರಲ್ಲಿ ನಾಲ್ಕು ಕಛೇರಿಗಳು ಬಂದು ಬಿದ್ದಿರುತ್ತವೆ. ಆದರೆ ಅವುಗಳಲ್ಲಿ ಎಷ್ಟೋ ಧ್ವನಿಮುದ್ರಣಗಳಿಗೆ ವಿಳಾಸವೇ ಇರುವುದಿಲ್ಲ. ‘ಅಪರೂಪದ ತೋಡಿ’ ಎಂದೋ ‘ಹಳೇ ಕಛೇರಿ, ಎರಡನೇ ಭಾಗ’ ಎಂದೋ ಬರೆದಿರುತ್ತದೆಯೇ ಹೊರತು ಹಾಡಿದವರು ಯಾರು, ಪಿಟೀಲು ಮೃದಂಗ ಯಾರದು, ಯಾವ ಊರಿನಲ್ಲಿ, ಯಾವ ವರ್ಷ ಎಂಬುದು ತಿಳಿಯುವುದಿಲ್ಲ. ಹೀಗಾಗಿ ರಾಗದ ವಿಸ್ತಾರ ಹೇಗಿತ್ತು ಎಂದು ಮಾತಾಡಬೇಕಾದ ಕಡೆ ಹಾಡಿದವರ ಪತ್ತೆ ಹಚ್ಚುವುದರಲ್ಲೇ ಹೊತ್ತು ಹೋಗುತ್ತದೆ. ಇದಕ್ಕೆ ಮೊಬೈಲನ್ನು ಮಾತ್ರ ದೂರುವುದು ಸರಿಯಲ್ಲ. ಧ್ವನಿಯಿಂದ ಹೆಸರು ಕಳಚಿಕೊಳ್ಳುವ ಕೆಲಸ ಮೊಬೈಲ್ ಬರುವುದಕ್ಕೆ ಬಹಳ ಮೊದಲೇ ಶುರುವಾಗಿತ್ತು.

ಭಾರತದ ಧ್ವನಿಮುದ್ರಣದ ಇತಿಹಾಸ ಆರಂಭವಾದದ್ದೇ ಹೆಸರು ಹೇಳುವುದರೊಂದಿಗೆ. 1902ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ, ಅವರು ಹಾಡು ಮುಗಿಸಿದೊಡನೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳಿದರು. ಅದು ಬಿಂಕವಲ್ಲ, ವ್ಯವಹಾರದ ಅಗತ್ಯ. ಆಗ ಮೂಲಮುದ್ರಿಕೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟುಗಳಾಗಿ ಬರಬೇಕಾಗಿತ್ತು. ಭಾಷೆ ಬಾರದ ಅಲ್ಲಿನ ಕೆಲಸಗಾರರಿಗೆ ಯಾವ ಪ್ಲೇಟಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಈ ಕೂಗು ನೆರವಾಗುತ್ತಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1908ರಲ್ಲಿ ಕೋಲ್ಕತ್ತದಲ್ಲೇ ಪ್ಲೇಟು ತಯಾರಿಸುವ ಕಾರ್ಖಾನೆ ಆರಂಭವಾದ ಮೇಲೆ ಹೆಸರು ಕೂಗುವ ಪದ್ಧತಿ ಮೆಲ್ಲನೆ ಮರೆಯಾಗಿ, ಗುರುತಿನ ಹೊಣೆಯನ್ನೆಲ್ಲ ಪ್ಲೇಟಿನ ನಡುವಿನ ದುಂಡು ಚೀಟಿಯೇ ಹೊತ್ತಿತು.

ಆ ಚೀಟಿಯೂ ಪೂರ್ತಿ ನಂಬುವಂಥದ್ದಾಗಿರಲಿಲ್ಲ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅದನ್ನು ತಿಳಿಯದವರು ಇಬ್ಬರು ಬೇರೆ ಬೇರೆ ಗಾಯಕಿಯರೆಂದೇ ಎಣಿಸಿದರೆ ಆಶ್ಚರ್ಯವಿಲ್ಲ. ಪಕ್ಕವಾದ್ಯದವರ ಹೆಸರಂತೂ ಬಹುಮಟ್ಟಿಗೆ ಇರುತ್ತಲೇ ಇರಲಿಲ್ಲ. ಹಾಗಿದ್ದರೂ ಮೂರು ಮೂರೂವರೆ ನಿಮಿಷದ ಆ ಪ್ಲೇಟಿನ ಧ್ವನಿ ಮತ್ತು ಹೆಸರು ಒಂದೇ ವಸ್ತುವಿನಲ್ಲಿ ಸೇರಿಕೊಂಡಿದ್ದವು, ಒಂದನ್ನು ಬಿಟ್ಟು ಇನ್ನೊಂದನ್ನು ಸಾಗಿಸಲು ಆಗುತ್ತಿರಲಿಲ್ಲ. ಕೀಲಿ ಕೊಟ್ಟು ತಿರುಗಿಸುವ ಗ್ರಾಮಾಫೋನಿಗೆ ವಿದ್ಯುತ್ತು ಬೇಕಿರಲಿಲ್ಲವಾದ್ದರಿಂದ ಅದು ಅಡಿಕೆ ತೋಟದ ನಡುವಿನ ಒಂಟಿ ಮನೆಗೂ ಒಗ್ಗಿತು. ಹಂಚಿಕೊಳ್ಳುವುದೆಂದರೆ ಆಗ ಗ್ರಾಮಾಫೋನ್ ಇದ್ದವರ ಜಗುಲಿಗೆ ಹೋಗಿ ಕೂರುವುದು. ಕೇಳುವುದು, ಮೆಚ್ಚುವುದು, ಜಗಳವಾಡುವುದು ಮೂರೂ ಒಂದೇ ಜಗುಲಿಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತಿದ್ದವು.

ರೇಡಿಯೋ ಬಂದ ಮೇಲೆ ಹೆಸರು ಹೇಳುವ ಕೆಲಸ ಮತ್ತೆ ಧ್ವನಿಗೇ ಬಂತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಆಕಾಶವಾಣಿ, 1950ರ ಧಾರವಾಡ ಕೇಂದ್ರ, 1955ರ ಬೆಂಗಳೂರು ಕೇಂದ್ರ, ಮಲೆನಾಡಿನ ಪಾಲಿಗೆ ಎಲ್ಲಕ್ಕಿಂತ ಹತ್ತಿರದ್ದಾದ 1965ರ ಭದ್ರಾವತಿ ಕೇಂದ್ರ, ಇವುಗಳ ನಡುವೆ ಶಿವಮೊಗ್ಗ ಸೀಮೆಯ ಕೇಳುಗರು ಬೆಳೆದರು. ಧಾರವಾಡದಿಂದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು. ಬೆಂಗಳೂರು ಮೈಸೂರುಗಳಿಂದ ಆರ್.ಕೆ. ಶ್ರೀಕಂಠನ್, ದೊರೆಸ್ವಾಮಿ ಅಯ್ಯಂಗಾರ್. ಹಿಂದೂಸ್ತಾನಿಯೋ ಕರ್ನಾಟಕಿಯೋ ಎಂಬ ಹಠವಿಲ್ಲದೆ ಎರಡನ್ನೂ ಕೇಳುವ ಮನೆಗಳು ಈ ಭಾಗದಲ್ಲಿ ಕಾಣಸಿಗುವುದಕ್ಕೆ, ಎರಡೂ ದಿಕ್ಕಿನ ನಿಲಯಗಳಿಗೆ ಮುಳ್ಳು ತಿರುಗಿಸುವ ಅಭ್ಯಾಸವೂ ಒಂದು ಕಾರಣವಿರಬೇಕೆಂದು ನನ್ನ ಊಹೆ. 1952ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶನಿವಾರ ರಾತ್ರಿಯ ಊಟದ ಹೊತ್ತನ್ನೇ ಬದಲಿಸಿತು. ಪ್ರತಿ ಕಾರ್ಯಕ್ರಮದ ಮೊದಲಿಗೂ ಕೊನೆಗೂ ಉದ್ಘೋಷಕರು ಕಲಾವಿದರ, ಪಕ್ಕವಾದ್ಯದವರ, ರಾಗ ತಾಳಗಳ ವಿವರವನ್ನು ಸ್ಪಷ್ಟವಾಗಿ ಹೇಳುತ್ತಿದ್ದರು. ಪ್ಲೇಟಿನ ಚೀಟಿಯಲ್ಲಿ ಇಲ್ಲದ ಮೃದಂಗದವರಿಗೂ ಇಲ್ಲಿ ಜಾಗವಿತ್ತು.

ಹೆಸರು ಕಳಚಿದ್ದು ಟೇಪ್‌ರೆಕಾರ್ಡರ್ ಕಾಲದಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮಲೆನಾಡಿನ ಪೇಟೆಗಳಿಗೂ ಬಂದು, ಎಂಬತ್ತರ ದಶಕದಲ್ಲಿ ‘ಟೂ ಇನ್ ಒನ್’ ರೂಪದಲ್ಲಿ ಮನೆಮನೆಗೆ ಹೊಕ್ಕಿತು. ರೇಡಿಯೋ ಮತ್ತು ಟೇಪು ಒಂದೇ ಪೆಟ್ಟಿಗೆಯಲ್ಲಿ ಇದ್ದುದರಿಂದ ಆಕಾಶವಾಣಿಯ ಕಛೇರಿಯನ್ನು ಹಿಡಿದಿಟ್ಟುಕೊಳ್ಳಲು ಬೇರೆ ಯಾವ ತಂತಿಯೂ ಬೇಡವಾಯಿತು. ಆದರೆ ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಿತ್ತು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತು ನಿಮಿಷ, ತೊಂಬತ್ತರದ್ದಾದರೆ ನಲವತ್ತೈದು. ಅಷ್ಟರಲ್ಲಿ ಕಛೇರಿಯ ದೀರ್ಘ ಭಾಗವಾದ ರಾಗ ತಾನ ಪಲ್ಲವಿಯನ್ನು ಹಿಡಿಸಬೇಕಾದವರು ಮಾತಿಗೆ ಟೇಪು ಖರ್ಚು ಮಾಡುತ್ತಿರಲಿಲ್ಲ. ರೆಕಾರ್ಡ್ ಮತ್ತು ಪ್ಲೇ ಗುಂಡಿಗಳ ಮೇಲೆ ಎರಡು ಬೆರಳಿಟ್ಟುಕೊಂಡು, ಉದ್ಘೋಷಕರ ಕೊನೆಯ ಪದ ಮುಗಿದು ತಂಬೂರಿ ಕೇಳಿಸುವ ಕ್ಷಣಕ್ಕೆ ಸರಿಯಾಗಿ ಒತ್ತುವುದನ್ನೇ ಜಾಣತನವೆಂದು ತಿಳಿದಿದ್ದರು. ಕೊನೆಯ ಘೋಷಣೆ ಶುರುವಾಗುವ ಮೊದಲೇ ನಿಲ್ಲಿಸುತ್ತಿದ್ದರು. ಹೀಗೆ ಹಣ ಉಳಿಸುವ ಜಾಣತನದಲ್ಲಿ ಕಛೇರಿಯ ಗುರುತುಪತ್ರವನ್ನೇ ಹೊರಗಿಟ್ಟ ಸಾವಿರಾರು ಗಂಟೆಗಳ ಸಂಗೀತ ನಾಡಿನುದ್ದಕ್ಕೂ ಸಂಗ್ರಹವಾಯಿತು.

ಆ ಕೊರತೆಯನ್ನು ತುಂಬುತ್ತಿದ್ದದ್ದು ಕ್ಯಾಸೆಟ್ ಪೆಟ್ಟಿಗೆಯೊಳಗಿನ ಮಡಿಸಿದ ಕಾರ್ಡು. ಆಸಕ್ತರು ಅದರಲ್ಲಿ ಪುಟ್ಟ ಅಕ್ಷರಗಳಲ್ಲಿ ಕೃತಿ, ರಾಗ, ತಾಳ, ಪಕ್ಕವಾದ್ಯ, ಪ್ರಸಾರದ ದಿನಾಂಕ ಎಲ್ಲವನ್ನೂ ಬರೆಯುತ್ತಿದ್ದರು. ರಾಗದ ಬಗ್ಗೆ ಅನುಮಾನವಿದ್ದರೆ ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕುತ್ತಿದ್ದರು. ಆ ಪ್ರಶ್ನೆಚಿಹ್ನೆಯೇ ಮುಂದಿನ ಭೇಟಿಯ ಚರ್ಚೆಗೆ ವಸ್ತು. ಕ್ಯಾಸೆಟ್ ಹಿಂದಿರುಗಿ ಬರುವಾಗ ಅದನ್ನು ಒಯ್ದವರ ಕೈಬರಹದಲ್ಲಿ ‘ಪೂರ್ವಿಕಲ್ಯಾಣಿಯಲ್ಲ, ಪಂತುವರಾಳಿ’ ಎಂಬಂತಹ ತಿದ್ದುಪಡಿಯೂ ಕಾರ್ಡಿನ ಮೇಲೆ ಕೂತಿರುತ್ತಿತ್ತು. ಎರವಲು ಕೊಡುವುದಕ್ಕೂ ಬರೆಯದ ನಿಯಮಗಳಿದ್ದವು: ಒಂದನ್ನು ಒಯ್ಯುವವರು ಇನ್ನೊಂದನ್ನು ತರಬೇಕು, ಮೂಲವನ್ನು ಮೂರನೆಯವರಿಗೆ ದಾಟಿಸಕೂಡದು, ಯಾರೂ ಮಾರಕೂಡದು. ಮೂಲದ ಹಿಂಭಾಗದ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದೇ ಕೊಡುತ್ತಿದ್ದರು, ಮಕ್ಕಳ ಕೈಗೆ ಸಿಕ್ಕಿ ಅಳಿಸಿಹೋಗಬಾರದೆಂದು. ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಟೇಪಿನ ‘ಸುಯ್’ ಸದ್ದು ಏರುತ್ತಿತ್ತು. ಕಾರ್ಡಿನ ಬರಹ ಮಾತ್ರ ಪ್ರತಿಸಲ ಚಿಕ್ಕದಾಗುತ್ತಿತ್ತು, ಏಕೆಂದರೆ ಟೇಪನ್ನು ಯಂತ್ರ ನಕಲು ಮಾಡುತ್ತಿತ್ತು, ಕಾರ್ಡನ್ನು ಕೈಯಿಂದ ಬರೆಯಬೇಕಿತ್ತು.

ಮಲೆನಾಡಿನ ಪ್ರತಿಗಳಿಗೆ ಇನ್ನೊಂದು ತೊಡಕಿದೆ. ಹೊರಗಿನವರು ಅದನ್ನು ಗಮನಿಸುವುದು ಕಡಿಮೆ. ಶರಾವತಿಯ ವಿದ್ಯುತ್ತು ದೂರದ ನಗರಗಳನ್ನು ಬೆಳಗುತ್ತಿದ್ದಾಗಲೂ ಕಣಿವೆಯ ಎಷ್ಟೋ ಮನೆಗಳಿಗೆ ತಂತಿ ಬಂದಿರಲಿಲ್ಲ; ಬಂದಲ್ಲಿಯೂ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಆದ್ದರಿಂದ ಧ್ವನಿಮುದ್ರಣ ನಡೆದದ್ದು ಬಹಳ ಸಲ ಬ್ಯಾಟರಿ ಸೆಲ್ಲುಗಳ ಮೇಲೆ. ಸೆಲ್ಲು ಬಳಲಿದಂತೆ ಟೇಪು ನಿಧಾನವಾಗಿ ಸಾಗುತ್ತದೆ. ನಿಧಾನವಾಗಿ ಮುದ್ರಿತವಾದದ್ದನ್ನು ಮುಂದೆ ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರುತ್ತದೆ. ವೇಗದಲ್ಲಿ ಶೇಕಡ 6ರಷ್ಟು ವ್ಯತ್ಯಾಸವಾದರೆ ಸಾಕು, ಒಂದು ಸ್ವರಸ್ಥಾನದಷ್ಟು ಶ್ರುತಿ ಮೇಲೆ ಹೋಗಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳಿಸುತ್ತದೆ. ಕಂಠದ ಬಣ್ಣವೂ ಬದಲಾಗುವುದರಿಂದ ನಡುವಯಸ್ಸಿನ ಗಾಯಕರು ಹುಡುಗರಂತೆ ತೋರುತ್ತಾರೆ. ಕಛೇರಿ ಮುಂದುವರಿದಂತೆ ಶ್ರುತಿ ಎಳೆ ಎಳೆಯಾಗಿ ಏರುತ್ತಾ ಹೋದರೆ ಅದು ಗಾಯಕರ ದೋಷವಲ್ಲ, ಸೆಲ್ಲಿನದು ಎಂದು ಅರಿಯಬೇಕು. ಪ್ಲೇಟುಗಳಲ್ಲೂ ಈ ತೊಂದರೆ ಇತ್ತು: ನಿಮಿಷಕ್ಕೆ 78 ಸುತ್ತು ಎಂದು ಹೇಳಿದರೂ ಆರಂಭಕಾಲದ ಪ್ಲೇಟುಗಳೆಲ್ಲ ಅದೇ ವೇಗದಲ್ಲಿ ಮುದ್ರಿತವಾದವಲ್ಲ. ಒಬ್ಬರ ಪ್ರತಿಯಲ್ಲಿ ಕೇಳಿದ ಶ್ರುತಿಯನ್ನು ಹಿಡಿದು ‘ಇದು ಅವರಲ್ಲ’ ಎಂದು ವಾದಿಸುವವರು ಮೊದಲು ವೇಗವನ್ನು ಪರೀಕ್ಷಿಸುವುದು ಒಳ್ಳೆಯದು.

ಉಳಿದದ್ದನ್ನು ಮಳೆ ಮಾಡಿತು. ಆಗುಂಬೆ, ಹೊಸನಗರದ ಕಡೆ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಮನೆಗಳಲ್ಲಿ ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಕಟ್ಟಿತು. ಕಾರ್ಡಿನ ಮೇಲಿನ ಶಾಯಿ ಹರಡಿತು. ಟೇಪಿನ ಬೂಷ್ಟನ್ನು ತಾಳ್ಮೆಯಿದ್ದವರು ಒರೆಸಿ ತೆಗೆಯಬಲ್ಲರು. ಹರಡಿದ ಶಾಯಿಯನ್ನು ಓದಬಲ್ಲವರು ಅದನ್ನು ಬರೆದವರು ಮಾತ್ರ.

ಕಂಪ್ಯೂಟರ್ ಬಂದಾಗ ಈ ಸಂಗ್ರಹಗಳು ಎಂಪಿ3 ಆಗತೊಡಗಿದವು. ಸಾಮಾನ್ಯ ಗುಣಮಟ್ಟದಲ್ಲಿ ಒಂದು ಸಿಡಿಗೆ ಸುಮಾರು 12 ಗಂಟೆಗಳ ಸಂಗೀತ ಹಿಡಿಯುತ್ತದೆಂಬ ಬೆರಗಿನಲ್ಲಿ, ಎಂಟು ಹತ್ತು ಕ್ಯಾಸೆಟ್ಟುಗಳನ್ನು ಒಂದೇ ಸಿಡಿಗೆ ತುಂಬಿ, ಕಡತಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಟ್ಟು ಹಂಚಿದರು. ಕಾರ್ಡುಗಳು ಹಳೆಯ ಪೆಟ್ಟಿಗೆಗಳಲ್ಲೇ ಉಳಿದವು, ಪೆಟ್ಟಿಗೆಗಳು ಅಟ್ಟ ಸೇರಿದವು. ಆಮೇಲೆ ಯಾರೋ ಊಹಿಸಿ ಕೊಟ್ಟ ಹೆಸರು ಕಡತಕ್ಕೆ ಅಂಟಿಕೊಂಡು ಮೂಲಕ್ಕಿಂತ ಹೆಚ್ಚು ದೂರ ಹೋಯಿತು. ನನ್ನ ಮಟ್ಟಿಗೆ ಹೆಸರಿಲ್ಲದ ಕಡತಕ್ಕಿಂತ ತಪ್ಪು ಹೆಸರಿನ ಕಡತವೇ ಹೆಚ್ಚು ಹಾನಿಕರ. ಮೊದಲನೆಯದು ಪ್ರಶ್ನೆಯನ್ನಾದರೂ ಕೇಳಿಸುತ್ತದೆ.

ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕದ ಧ್ವನಿಮುದ್ರಣಗಳು ಈ ಕಷ್ಟದಿಂದ ತಕ್ಕಮಟ್ಟಿಗೆ ಪಾರಾದವು. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅವರ ವಾಚನದ ಹಳೆಯ ಟೇಪುಗಳಿಗಾಗಿ ಹಲವರು ಹುಡುಕಾಡಿದರು. ಅಲ್ಲಿ ಯಾವ ಪರ್ವ, ಯಾವ ಸಂಧಿ ಎಂಬುದನ್ನು ಪದ್ಯವೇ ಹೇಳಿಬಿಡುತ್ತದೆ, ವ್ಯಾಖ್ಯಾನಕಾರರು ವಾಚಕರ ಹೆಸರನ್ನು ಮಾತಿನ ನಡುವೆ ತಂದೇ ತರುತ್ತಾರೆ. ರಾಗಾಲಾಪನೆಗೆ ಅಂತಹ ಸಾಕ್ಷಿಯಿಲ್ಲ.

ಹಂಚುವ ಹಕ್ಕಿನ ಪ್ರಶ್ನೆಯೂ ಹೆಸರಿಗೇ ಬಂದು ನಿಲ್ಲುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಹಾಗಾಗಿ ಹಳೆಯ 78 ಸುತ್ತಿನ ಪ್ಲೇಟುಗಳು ಈಗ ಬಹುತೇಕ ಎಲ್ಲರ ಸೊತ್ತು. ಕಲಾವಿದರಿಗೇ ಸೇರಿದ ಹಕ್ಕು 1994ರ ತಿದ್ದುಪಡಿಯಲ್ಲಿ 25 ವರ್ಷಕ್ಕೆ ದೊರೆತು, 1999ರಲ್ಲಿ 50 ವರ್ಷಕ್ಕೆ ಏರಿತು. ಸ್ವಂತ ಬಳಕೆಗೆ ಮುದ್ರಿಸಿಕೊಳ್ಳುವುದು ಆ ಹಕ್ಕಿನ ಉಲ್ಲಂಘನೆಯಲ್ಲ ಎಂದು ಕಾಯಿದೆ ಹೇಳುತ್ತದೆ, ಆದರೆ ಊರಿಗೆಲ್ಲ ಹಂಚುವುದು ಸ್ವಂತ ಬಳಕೆಯಾಗುವುದಿಲ್ಲ. ಮದುವೆ ಮನೆಯಲ್ಲೋ ರಾಮನವಮಿ ಚಪ್ಪರದಲ್ಲೋ ಯಾರೋ ಮುದ್ರಿಸಿಕೊಂಡ ಕಛೇರಿ ಎಂದೂ ಪ್ರಕಟವಾದದ್ದೇ ಅಲ್ಲವಾದ್ದರಿಂದ 60 ವರ್ಷದ ಲೆಕ್ಕ ಎಲ್ಲಿಂದ ಎಂಬುದೇ ತೊಡಕು. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ ಹಂಚುವುದು ಸರಿಯಾದ ದಾರಿ; ಆದರೆ ಹಾಡಿದವರು ಯಾರೆಂದೇ ಗೊತ್ತಿಲ್ಲದಾಗ ಕೇಳುವುದು ಯಾರನ್ನು?

ಪತ್ತೆ ಹಚ್ಚುವವರು ಹಾಡಿಗಿಂತ ಅದರ ಸುತ್ತಲಿನ ಸದ್ದಿಗೆ ಹೆಚ್ಚು ಕಿವಿಗೊಡುತ್ತಾರೆ. ಮೃದಂಗಕ್ಕೇ ಬಿಟ್ಟುಕೊಟ್ಟ ತನಿ ಆವರ್ತನದ ಮುಕ್ತಾಯದಿಂದ ಮೃದಂಗದವರು ಸಿಕ್ಕರೆ ಅವರು ಯಾರ ಯಾರ ಜೊತೆ ನುಡಿಸುತ್ತಿದ್ದರೆಂಬುದರಿಂದ ಗಾಯಕರ ಪಟ್ಟಿ ಕಿರಿದಾಗುತ್ತದೆ. ಪಿಟೀಲು ಶ್ರುತಿ ಮಾಡುವಾಗಿನ ಸ್ವರದ ಬಳುಕು, ಗಾಯಕರು ಶಿಷ್ಯರಿಗೆ ಪಿಸುಗುಟ್ಟಿದ ಒಂದು ಮಾತು, ಮುಂದಿನ ಸಾಲಿನಿಂದ ಬಂದ ‘ಭೇಷ್’, ಕೊನೆಯಲ್ಲಿ ಅರ್ಧಕ್ಕೆ ತುಂಡಾದ ಉದ್ಘೋಷಕರ ಒಂದು ಅಕ್ಷರ ಇವೆಲ್ಲವೂ ಆಧಾರಗಳೇ. ಮಧ್ಯಮ ತರಂಗದ ಪ್ರಸಾರದಲ್ಲಿ ಮಿಂಚಿನ ಚಟಪಟ ಸದ್ದು ದಟ್ಟವಾಗಿದ್ದರೆ ಮುಂಗಾರಿನ ಆಸುಪಾಸಿನ ರಾತ್ರಿಯೆಂದು ಊಹಿಸುವವರೂ ಇದ್ದಾರೆ.

ಈಗಿನ ವಾದ ಇರುವುದು ಇಲ್ಲಿಯೇ. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುವ ಕಿರಿಯರು ಕೇಳುಗರಿಗೆ ಹಿತವಾಗಲೆಂದು ಶ್ರುತಿ ಮಾಡುವ ಭಾಗ, ಕೆಮ್ಮು, ಚಪ್ಪಾಳೆ, ನಡುವಿನ ಮಾತು ಎಲ್ಲವನ್ನೂ ಕತ್ತರಿಸುತ್ತಾರೆ. ಸದ್ದು ಅಳಿಸುವ ತಂತ್ರಾಂಶವನ್ನು ಜೋರಾಗಿ ಬಳಸಿದರೆ ‘ಸುಯ್’ ಸದ್ದಿನ ಜೊತೆಗೆ ತಂಬೂರಿಯ ಝೇಂಕಾರವೂ ತೆಳುವಾಗುತ್ತದೆ. ಹಿರಿಯರು ಏನನ್ನೂ ಮುಟ್ಟಬೇಡಿ ಎನ್ನುತ್ತಾರೆ. ಎರಡು ಕಡತ ಇಡುವುದರಿಂದ ಈ ಜಗಳ ತೀರುತ್ತದೆ: ಟೇಪಿನಲ್ಲಿ ಇದ್ದಂತೆಯೇ ಒಂದು, ಕೇಳುವುದಕ್ಕೆ ಅನುಕೂಲವಾಗುವಂತೆ ಇನ್ನೊಂದು. ಕಾರ್ಡಿನ ಎರಡೂ ಮಗ್ಗುಲಿನ ಚಿತ್ರ ತೆಗೆದು ಮೊದಲನೆಯದರ ಜೊತೆಗಿಡಲು ಮೊಬೈಲಿದ್ದರೆ ಸಾಕು, ಅರ್ಧ ನಿಮಿಷದ ಕೆಲಸ. ಬರೆದವರು ಇನ್ನೂ ನಮ್ಮ ನಡುವೆ ಇದ್ದರೆ ಆ ಪ್ರಶ್ನೆಚಿಹ್ನೆ ಯಾವ ರಾಗದ ಬಗ್ಗೆ, ತಿದ್ದುಪಡಿ ಯಾರ ಕೈಬರಹ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಬಹುದು.