ಐಪಿಎಲ್ 190: ಒಂದೇ ಮೇನ್‌ಫ್ರೇಮ್‌ನಲ್ಲಿ ಓಎಸ್ ಬದಲಿಸುವುದು ಶುರುವಾದದ್ದು ಹೀಗೆ

ಮೇನ್‌ಫ್ರೇಮ್ ಅಂದರೆ ದೊಡ್ಡ ಕಂಪನಿಗಳ ದೈತ್ಯ ಕಂಪ್ಯೂಟರ್. ಅದರ ಕೆಲಸದವರ ಬಾಯಲ್ಲಿ ಐಪಿಎಲ್ ಅಂದರೆ ಕ್ರಿಕೆಟ್ ಅಲ್ಲ, ಇನಿಷಿಯಲ್ ಪ್ರೋಗ್ರಾಂ ಲೋಡ್. ಲ್ಯಾಪ್‌ಟಾಪ್‌ಗೆ ನಾವು ಬೂಟ್ ಅಂತೀವಲ್ಲ, ಅದೇ. ಐಬಿಎಂನ ವಿಎಂ (ವರ್ಚುವಲ್ ಮೆಷಿನ್) ವ್ಯವಸ್ಥೆಗೆ ಲಾಗಾನ್ ಆಗಿ ‘ಐಪಿಎಲ್ 190’ ಅಂತ ಟೈಪ್ ಮಾಡಿದರೆ ಸಿಎಂಎಸ್ ಅನ್ನೋ ಓಎಸ್ (ಆಪರೇಟಿಂಗ್ ಸಿಸ್ಟಂ) ಏಳುತ್ತದೆ. ಅದು ಬೇಡ ಅನಿಸಿದರೆ ಇನ್ನೊಂದು ಡಿಸ್ಕಿನ ನಂಬರ್ ಕೊಟ್ಟು ಮತ್ತೆ ಐಪಿಎಲ್. ಅದೇ ಪರದೆಯ ಮೇಲೆ ಈಗ ಬೇರೆಯೇ ಓಎಸ್. ಅದೇ ಯಂತ್ರ ಬಳಸುತ್ತಿರುವ ನೂರಾರು ಜನಕ್ಕೆ ಇದರ ಸುಳಿವೂ ಇರುವುದಿಲ್ಲ. ಈ ಒಂದು ಸಾಲಿನ ಸೌಕರ್ಯ ಸುಮ್ನೆ ಬಂದದ್ದಲ್ಲ.

1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಂ/360 ಸಾಲಿನ ಕಂಪ್ಯೂಟರುಗಳನ್ನು ಘೋಷಿಸಿತು. ಸಣ್ಣ ಯಂತ್ರ, ದೊಡ್ಡ ಯಂತ್ರ, ಎಲ್ಲಕ್ಕೂ ಓಎಸ್/360 ಎಂಬ ಒಂದೇ ಓಎಸ್ ಬರಬೇಕಿತ್ತು. ಅದು ತಡವಾಯಿತು. ಬಂದ ಮೇಲೂ ಸಣ್ಣ ಯಂತ್ರಗಳ ಮೆಮೊರಿಗೆ ಭಾರವಾಯಿತು. ಆ ಹೊತ್ತಿಗೆ ಸುಧಾರಿಸಿಕೊಳ್ಳಲಿ ಅಂತ ಡಾಸ್/360 ಕೊಟ್ಟರು. ಆಮೇಲೆ ಪಿಸಿಗೆ ಬಂದ ಡಾಸ್‌ಗೂ ಇದಕ್ಕೂ ಸಂಬಂಧವಿಲ್ಲ. ತಾತ್ಕಾಲಿಕ ಅಂತ ಕೊಟ್ಟದ್ದು ಎಷ್ಟೋ ಕಂಪನಿಗಳಲ್ಲಿ ಬೇರುಬಿಟ್ಟು ಕೂತಿತು. ಎರಡೂ ಓಎಸ್‌ಗಳ ಜೆಸಿಎಲ್, ಅಂದರೆ ಯಂತ್ರಕ್ಕೆ ಕೆಲಸ ಒಪ್ಪಿಸುವ ಭಾಷೆ, ಬೇರೆ; ಒಳಗಿನ ಮ್ಯಾಕ್ರೋಗಳೂ (ಸಿದ್ಧ ಆಜ್ಞೆಗಳ ಕಟ್ಟುಗಳು) ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಇದ್ದಬದ್ದ ಪ್ರೋಗ್ರಾಂಗಳನ್ನೆಲ್ಲ ತಿದ್ದಿ ಪರೀಕ್ಷಿಸಬೇಕು.

ಪರೀಕ್ಷಿಸುವುದಾದರೂ ಎಲ್ಲಿ? ಕಂಪನಿಗೆ ಇರುವುದು ಒಂದೇ ಯಂತ್ರ. ಹಗಲಲ್ಲಿ ಅದರ ಮೇಲೆ ಸಂಬಳದ ಲೆಕ್ಕ, ಬಿಲ್ಲು ನಡೆಯುತ್ತಿರುತ್ತದೆ. ಹೊಸ ಓಎಸ್ ಎಬ್ಬಿಸಬೇಕಾದರೆ ಹಳೆಯದನ್ನು ಪೂರ್ತಿ ನಿಲ್ಲಿಸಬೇಕು. ಹಾಗಾಗಿ ರಾತ್ರಿಯೋ ಭಾನುವಾರವೋ ಯಂತ್ರ ಖಾಲಿಯಾಗುವವರೆಗೆ ಕಾಯಬೇಕು, ಬೆಳಗಾಗುವಷ್ಟರಲ್ಲಿ ಹಳೆಯದನ್ನೇ ಮತ್ತೆ ಎಬ್ಬಿಸಿ ಬಿಟ್ಟುಕೊಡಬೇಕು.

ಇದಕ್ಕೆ ಉತ್ತರವಾದದ್ದು ಹುಟ್ಟಿದ್ದು ಬೇರೆ ಕಾರಣಕ್ಕೆ. ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ, ಎಂಐಟಿಯ ಪಕ್ಕದಲ್ಲೇ, ಐಬಿಎಂನ ಒಂದು ಚಿಕ್ಕ ವಿಜ್ಞಾನ ಕೇಂದ್ರವಿತ್ತು. ಅಲ್ಲಿನ ರಾಬರ್ಟ್ ಕ್ರೀಸಿ ಮೊದಲು ಎಂಐಟಿಯ ಸಿಟಿಎಸ್ಎಸ್ ಎಂಬ ಟೈಮ್‌ಶೇರಿಂಗ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದವರು. ಹಲವರು ಏಕಕಾಲಕ್ಕೆ ಒಂದು ಯಂತ್ರ ಬಳಸುವ ವ್ಯವಸ್ಥೆಯನ್ನು ಅವರೂ ಲೆಸ್ ಕೊಮೋ ಮತ್ತಿತರರೂ ಕಟ್ಟಹೊರಟರು. ಆದರೆ ಎಲ್ಲರಿಗೂ ಹಂಚಿಕೊಡುವ ಒಂದು ದೊಡ್ಡ ಓಎಸ್ ಬರೆಯಲಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಪೂರ್ತಿ 360 ಯಂತ್ರವೇ ಸಿಕ್ಕಿದೆ ಅನ್ನಿಸುವಂತೆ ಮಾಡಿದರು. ಸಿಪಿ-40 ಎಂಬ ಆ ವ್ಯವಸ್ಥೆ 1967ರ ಜನವರಿಯಲ್ಲಿ ಬಳಕೆಗೆ ಬಂತು. ಅದರಲ್ಲಿ 14 ವರ್ಚುವಲ್ ಯಂತ್ರಗಳು, ಅಂದರೆ ಇಂಥ ತೋರಿಕೆಯ ಯಂತ್ರಗಳು, ಒಂದೊಂದಕ್ಕೂ 256ಕೆ ಮೆಮೊರಿ. ನನ್ನ ಮಟ್ಟಿಗೆ ಇಡೀ ಕಥೆಯ ಜೀವಾಳ ಈ ತೀರ್ಮಾನ. ಯಂತ್ರವನ್ನೇ ಚಾಚೂ ತಪ್ಪದೆ ಅನುಕರಿಸಿದರೆ ಅದರ ಮೇಲೆ ಯಾವ ಓಎಸ್ ಬೇಕಾದರೂ ಓಡುತ್ತದೆ, ಅಲ್ವಾ?

ಅನುಕರಿಸುವ ಉಪಾಯ ಹೀಗಿದೆ. 360ರಲ್ಲಿ ಎರಡು ಸ್ಥಿತಿಗಳಿವೆ. ಡಿಸ್ಕು, ಪ್ರಿಂಟರ್ ಓಡಿಸುವಂಥ ಆಜ್ಞೆಗಳು ಸೂಪರ್‌ವೈಸರ್ ಸ್ಥಿತಿಯಲ್ಲಿ ಮಾತ್ರ ನಡೆಯುತ್ತವೆ. ಸಾಮಾನ್ಯ ಪ್ರೋಗ್ರಾಂಗಳದ್ದು ಪ್ರಾಬ್ಲಂ ಸ್ಥಿತಿ. ಸಿಪಿ (ಕಂಟ್ರೋಲ್ ಪ್ರೋಗ್ರಾಂ) ತಾನು ಮೇಲಿನ ಸ್ಥಿತಿಯಲ್ಲಿ ಕೂತು, ವರ್ಚುವಲ್ ಯಂತ್ರಗಳಲ್ಲಿರುವ ಅತಿಥಿ ಓಎಸ್‌ಗಳನ್ನೆಲ್ಲ ಕೆಳಗಿನದರಲ್ಲಿ ಓಡಿಸುತ್ತದೆ. ಅತಿಥಿ ‘ಡಿಸ್ಕ್ ಓದು’ ಅಂದ ಕೂಡಲೇ ಹಾರ್ಡ್‌ವೇರ್ ತಡೆಯುತ್ತದೆ, ಕೆಲಸ ಸಿಪಿಯ ಕೈಗೆ ಬರುತ್ತದೆ. ಸಿಪಿ ಅದನ್ನು ತಾನೇ ಮಾಡಿಕೊಟ್ಟು ‘ಆಯ್ತು’ ಅನ್ನುತ್ತದೆ. ತಾನು ಓಡುತ್ತಿರುವುದು ನಿಜವಾದ ಯಂತ್ರದ ಮೇಲಲ್ಲ ಅಂತ ಅತಿಥಿಗೆ ಗೊತ್ತಾಗುವುದಿಲ್ಲ. ಪ್ರತಿ ಸಲ ಹೀಗೆ ತಡೆದು ಮಾಡಿಕೊಡಲು ಸಮಯ ಜಾಸ್ತಿ ಹಿಡಿಯುತ್ತಿತ್ತು. ಆಮೇಲೆ ಈ ಕೆಲಸದ ಒಂದಷ್ಟು ಭಾಗ ಹಾರ್ಡ್‌ವೇರ್‌ಗೇ ಹೋಯಿತು.

ಸಿಪಿ-40 ಬೆಳೆದು ಸಿಪಿ-67 ಆಯಿತು. 1972ರ ಆಗಸ್ಟ್ 2ರಂದು ವಿಎಂ/370 ಎಂಬ ಹೆಸರಲ್ಲಿ ಅಧಿಕೃತವಾಗಿ ಘೋಷಣೆಯಾಯಿತು. ಓಎಸ್ ಬದಲಿಸಲಾಗದೆ ಒದ್ದಾಡುತ್ತಿದ್ದವರಿಗೆ ದಾರಿ ಸಿಕ್ಕಿದ್ದು ಆಗಲೇ. ಒಂದು ವರ್ಚುವಲ್ ಯಂತ್ರದಲ್ಲಿ ಹಳೆಯ ಡಾಸ್ ತನ್ನ ಪಾಡಿಗೆ ಬಿಲ್ಲು ಹಾಕುತ್ತಿದ್ದರೆ, ಇನ್ನೊಂದರಲ್ಲಿ ಹೊಸ ಓಎಸ್‌ನ ಪರೀಕ್ಷೆ ನಡೆಸಬಹುದಿತ್ತು, ಅದೂ ಹಗಲಲ್ಲೇ. ಹೊಸದು ಬಿದ್ದರೆ ಬೀಳುವುದು ಅದೊಂದೇ.

ಬಳಸುವವರ ಪರದೆಯಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. 3270 ಎಂಬ ಐಬಿಎಂ ಟರ್ಮಿನಲ್‌ನ (ಪರದೆ, ಕೀಲಿಮಣೆ ಇರುವ ಸಾಧನ) ಬಲಗಡೆ ಕೆಳಮೂಲೆಯಲ್ಲಿ ಸಣ್ಣದೊಂದು ಸೂಚನೆ ಇರುತ್ತದೆ. ‘ರನ್ನಿಂಗ್’ ಅಂದರೆ ಯಂತ್ರ ಓಡುತ್ತಿದೆ. ಪಿಎ1 ಕೀಲಿ ಒತ್ತಿದರೆ ಅದು ‘ಸಿಪಿ ರೀಡ್’ ಆಗುತ್ತದೆ. ಅಂದರೆ ಈಗ ನೀವು ಮಾತಾಡುತ್ತಿರುವುದು ಓಎಸ್ ಜೊತೆ ಅಲ್ಲ, ಅದರ ಕೆಳಗಿರುವ ಸಿಪಿಯ ಜೊತೆ. ‘ಬಿಗಿನ್’ ಅಂದರೆ ಓಎಸ್ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ‘ಐಪಿಎಲ್’ ಅಂದಿರೋ, ಹಳೆಯ ಓಎಸ್ ಅಲ್ಲಿಗೆ ಮುಗಿಯಿತು. ಅದರ ಮೆಮೊರಿಯಲ್ಲಿ ಇದ್ದದ್ದು ಹೋಯಿತು, ಉಳಿಸದ ಫೈಲೂ ಹೋಯಿತು. ಹೊಸಬರು ಎಡವುವುದು ಇಲ್ಲೇ. ಎರಡು ಓಎಸ್ ಒಟ್ಟಿಗೆ ಬೇಕಿದ್ದರೆ ಎರಡು ಯೂಸರ್ ಐಡಿ ಬೇಕು. ಒಂದನ್ನು ‘ಡಿಸ್ಕನೆಕ್ಟ್’ ಮಾಡಿದರೆ ಅದು ಹಿಂದೆ ಓಡುತ್ತಲೇ ಇರುತ್ತದೆ. ಇನ್ನೊಂದಕ್ಕೆ ಲಾಗಾನ್ ಆಗಿ ಕೆಲಸ ಮುಗಿಸಿ, ಮತ್ತೆ ಮೊದಲನೆಯದಕ್ಕೆ ಬರಬಹುದು.

ಇಷ್ಟಾದರೂ ಐಬಿಎಂ ಒಳಗೆ ವಿಎಂ ಮಲತಾಯಿಯ ಮಗುವಿನಂತೆಯೇ ಇತ್ತು. ಕಂಪನಿ ನೆಚ್ಚಿಕೊಂಡಿದ್ದು 1974ರಲ್ಲಿ ಬಂದ ಎಂವಿಎಸ್ ಎಂಬ ಓಎಸ್ ಅನ್ನು. 1976ರಲ್ಲಿ ಬರ್ಲಿಂಗ್ಟನ್‌ನಲ್ಲಿದ್ದ ವಿಎಂ ತಂಡದ ಕಚೇರಿ ಮುಚ್ಚಿ, ಜನರನ್ನು ಎಂವಿಎಸ್ ಕೆಲಸಕ್ಕೆ ಕಳಿಸುವ ತೀರ್ಮಾನವಾಯಿತು. ಹಲವರು ಹೋಗದೆ ಕೆಲಸವನ್ನೇ ಬಿಟ್ಟರು. ಆದರೆ ವಿಎಂ ಸಾಯಲಿಲ್ಲ. ಬಳಸುತ್ತಿದ್ದವರು ಅದನ್ನು ಬಿಡಲು ಒಪ್ಪಲಿಲ್ಲ. ಎಂವಿಎಸ್ ಬರೆಯುವವರಿಗೂ ಅದನ್ನು ಪರೀಕ್ಷಿಸಲು ವಿಎಂ ಬೇಕಿತ್ತು.

2000ದಲ್ಲಿ ಅದರ ಹೆಸರು ಜಡ್/ವಿಎಂ ಆಯಿತು. ಆ ಹೊತ್ತಿಗೆ ಮೇನ್‌ಫ್ರೇಮ್‌ಗೆ ಲಿನಕ್ಸ್ ಕೂಡ ಬಂದಿತ್ತು. ಅಲ್ಲಿ ಲಿನಕ್ಸ್ ಹಾಕುವ ಕ್ರಮ ನನಗೆ ಬಹಳ ಇಷ್ಟ. ಮೊದಲು ಸಿಎಂಎಸ್ ಏಳುತ್ತದೆ. ಅದರಿಂದ ಲಿನಕ್ಸ್‌ನ ಕರ್ನಲ್ಲನ್ನು, ಅಂದರೆ ಅದರ ತಿರುಳನ್ನು, 80 ಅಕ್ಷರದ ಕಾರ್ಡುಗಳಾಗಿ ‘ಪಂಚ್’ ಮಾಡಬೇಕು. ಕಾಗದವೂ ಇಲ್ಲ, ತೂತು ಹೊಡೆಯುವ ಯಂತ್ರವೂ ಇಲ್ಲ, ಎಲ್ಲ ಸ್ಪೂಲ್‌ನಲ್ಲಿ, ಅಂದರೆ ಡಿಸ್ಕಿನಲ್ಲಿರುವ ತಾತ್ಕಾಲಿಕ ಜಾಗದಲ್ಲಿ. ಆ ಕಾರ್ಡುಗಳ ಕಟ್ಟು ಹೋಗಿ ಬೀಳುವುದು 00ಸಿ ನಂಬರಿನ ವರ್ಚುವಲ್ ಕಾರ್ಡ್ ರೀಡರ್‌ಗೆ. ಆಮೇಲೆ ‘ಐಪಿಎಲ್ 00ಸಿ ಕ್ಲಿಯರ್’ ಅಂದರೆ ಸಿಎಂಎಸ್ ಮರೆಯಾಗುತ್ತದೆ, ಅದೇ ಪರದೆಯ ಮೇಲೆ ಲಿನಕ್ಸ್‌ನ ಸಾಲುಗಳು ಒಂದೊಂದಾಗಿ ಏರತೊಡಗುತ್ತವೆ.